ಡ್ರೋನ್ ಸಿಗ್ನಲ್ ಎಲ್ಲಿ ಸೋರುತ್ತಿದೆ? ರೇಂಜ್ ಮತ್ತು ವಿಡಿಯೊ ಸುಧಾರಣೆಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಐದಿಂಚಿನ ಕ್ವಾಡ್ (ಐದಿಂಚು ಪ್ರೊಪೆಲ್ಲರಿನ, ನಾಲ್ಕು ಮೋಟಾರಿನ ಡ್ರೋನ್) ಇನ್ನೂರು ಮೀಟರ್ ದಾಟುತ್ತಿದ್ದಂತೆ, ಅದರ ಕ್ಯಾಮೆರಾದ ಚಿತ್ರ ತೋರಿಸುವ ಗಾಗಲ್ಸ್‌ನಲ್ಲಿ ಮಂಜು ಕವಿಯುತ್ತಿತ್ತು. 200 ಮಿಲಿವಾಟ್ ಸಾಲದೆಂದು 600 ಮಿಲಿವಾಟ್‌ನ ವಿಡಿಯೊ ಟ್ರಾನ್ಸ್‌ಮಿಟರ್ ತಂದು ಬೆಸುಗೆ ಹಾಕಿದೆ. ಮಂಜು ಮುನ್ನೂರರ ಆಸುಪಾಸಿಗೆ ಸರಿಯಿತು, ಅಷ್ಟೆ. ತಿಂಗಳ ನಂತರ ಬೇರೇನೋ ಕೆಲಸಕ್ಕೆಂದು ಗಾಗಲ್ಸ್‌ನ ಆಂಟೆನಾ ಬಿಚ್ಚಿದಾಗ ಅದರ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ನಡುವೆ ಸೂಜಿ ಇರಬೇಕಾದಲ್ಲಿ ತೂತು. ಗಾಗಲ್ಸ್ ಬದಿಯಲ್ಲೂ ತೂತೇ. ತಿರುಪು ಸಲೀಸಾಗಿ ಕೂತಿತ್ತು, ಬಿಗಿಯಾಗಿಯೂ ಇತ್ತು. ಒಳಗೆ ಮಾತ್ರ ಲೋಹಕ್ಕೆ ಲೋಹ ತಾಗಿರಲೇ ಇಲ್ಲ. ಒಂದು ತಿಂಗಳು ನಾನು ಆಂಟೆನಾ ಇಲ್ಲದ ರಿಸೀವರಿನಲ್ಲಿ ಹಾರಿಸಿದ್ದೆ. ಸರಿಯಾದ ಆಂಟೆನಾ ಹಾಕಿ, ಹಳೆಯ 200 ಮಿಲಿವಾಟ್‌ಗೇ ಮರಳಿದಾಗ ಚಿತ್ರ ಒಂದು ಕಿಲೋಮೀಟರ್ ತನಕ ನಿಚ್ಚಳವಾಗಿತ್ತು.

ಅಂದಿನಿಂದ ಯಾರು ರೇಂಜ್ ಬಗ್ಗೆ ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಕೊಡ ಸೋರುತ್ತಿರುವಾಗ ದೊಡ್ಡ ನಲ್ಲಿ ಹುಡುಕಬೇಡಿ. ಈ ಮಾರ್ಗದರ್ಶಿಯ ಹಂತಗಳೂ ಅದೇ ಕ್ರಮದಲ್ಲಿವೆ: ಮೊದಲು ಸೋರಿಕೆ, ಆಮೇಲೆ ಜೋಡಣೆ, ಕೊಟ್ಟಕೊನೆಗೆ ಶಕ್ತಿ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಹವ್ಯಾಸಿ ಡ್ರೋನ್‌ನಲ್ಲಿ ಸಾಮಾನ್ಯವಾಗಿ ಎರಡು ರೇಡಿಯೊ ದಾರಿಗಳಿರುತ್ತವೆ. ನಿಮ್ಮ ಕೈಯ ಆಜ್ಞೆಯನ್ನು ಡ್ರೋನ್‌ಗೆ ಒಯ್ಯುವ ಕಂಟ್ರೋಲ್ ಲಿಂಕ್ ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ, ಕೆಲವು ವ್ಯವಸ್ಥೆಗಳಲ್ಲಿ 868 ಅಥವಾ 915 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಡ್ರೋನ್‌ನಿಂದ ಚಿತ್ರ ತರುವ ವಿಡಿಯೊ ಲಿಂಕ್ ಬಹುಮಟ್ಟಿಗೆ 5.8 ಗಿಗಾಹರ್ಟ್ಸ್. ಎರಡರ ಕಾಯಿಲೆಯೂ ಬೇರೆ, ಮದ್ದೂ ಬೇರೆ. ‘ಸಿಗ್ನಲ್ ಹೋಗುತ್ತಿದೆ’ ಎನ್ನುವವರನ್ನು ನಾನು ಮೊದಲು ಕೇಳುವ ಪ್ರಶ್ನೆ: ಚಿತ್ರ ಹೋಯಿತೋ, ಹಿಡಿತ ಹೋಯಿತೋ?

ಅನಲಾಗ್ ವಿಡಿಯೊ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ದೂರ ಹೋದಂತೆ ನಿಧಾನವಾಗಿ ಮಂಜಿನ ಚುಕ್ಕೆಗಳು ಹೆಚ್ಚಿದರೆ ಸಿಗ್ನಲ್ ದುರ್ಬಲ. ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿದಾಗ ಮಾತ್ರ ಕೆಟ್ಟು, ಮತ್ತೆ ತಿರುಗಿದಾಗ ಸರಿಹೋದರೆ ಆಂಟೆನಾಕ್ಕೆ ಫ್ರೇಮೋ ಬ್ಯಾಟರಿಯೋ ಅಡ್ಡ ಬರುತ್ತಿದೆ. ಥ್ರಾಟಲ್ ಏರಿಸಿದಾಗ ಅಡ್ಡಗೆರೆಗಳು ಮೂಡಿದರೆ ಅದು ರೇಡಿಯೊ ಸಮಸ್ಯೆಯೇ ಅಲ್ಲ, ವಿದ್ಯುತ್ ಗದ್ದಲ. ಜಗತ್ತಿನ ಅತ್ಯುತ್ತಮ ಆಂಟೆನಾ ಹಾಕಿದರೂ ಹೋಗದು. ಬೇರೆಯವರ ಚಿತ್ರ ಹಾಯ್ದುಹೋದರೆ ಚಾನೆಲ್ ಜಗಳ. ಡಿಜಿಟಲ್ ವ್ಯವಸ್ಥೆಗಳಿಗೆ ಈ ಸೌಜನ್ಯ ಕಡಿಮೆ. ಕೊನೆಯವರೆಗೂ ಚೆನ್ನಾಗಿದ್ದು, ಚೌಕಚೌಕವಾಗಿ ಒಡೆದು, ತಟ್ಟನೆ ನಿಂತುಬಿಡುತ್ತವೆ. ಆದ್ದರಿಂದ ಡಿಜಿಟಲ್ ಹಾರಿಸುವವರು ಚಿತ್ರವನ್ನು ನಂಬದೆ, ಪರದೆಯ ಮೂಲೆಯಲ್ಲಿ ಕಾಣುವ ಬಿಟ್‌ರೇಟ್ ಮತ್ತು ವಿಳಂಬದ ಅಂಕಿಗಳನ್ನು ನಂಬಬೇಕು.

ಕಂಟ್ರೋಲ್ ಲಿಂಕ್‌ಗೂ ಎರಡು ಅಂಕಿಗಳಿವೆ. ಆರ್‌ಎಸ್‌ಎಸ್‌ಐ ಎಂದರೆ ರಿಸೀವರಿಗೆ ಕೇಳುತ್ತಿರುವ ದನಿ ಎಷ್ಟು ದೊಡ್ಡದು ಎಂಬ ಲೆಕ್ಕ. ಎಲ್‌ಕ್ಯೂ ಎಂದರೆ ಕಳಿಸಿದ ನೂರು ಪ್ಯಾಕೆಟ್‌ಗಳಲ್ಲಿ ಎಷ್ಟು ಸರಿಯಾಗಿ ತಲುಪಿದವು ಎಂಬ ಲೆಕ್ಕ. ಎರಡೂ ಒಟ್ಟಿಗೆ ಇಳಿದರೆ ದೂರ ಅಥವಾ ಆಂಟೆನಾ ಕಾರಣ. ಆರ್‌ಎಸ್‌ಎಸ್‌ಐ ಚೆನ್ನಾಗಿದ್ದೂ ಎಲ್‌ಕ್ಯೂ ಕುಸಿದರೆ ಸುತ್ತಲಿನ ಗದ್ದಲ ಕಾರಣ. ಇವೆರಡನ್ನೂ ಓಎಸ್‌ಡಿಯಲ್ಲಿ, ಅಂದರೆ ಚಿತ್ರದ ಮೇಲೆ ಮೂಡುವ ಅಂಕಿಗಳಲ್ಲಿ, ಕಾಣುವಂತೆ ಇಟ್ಟುಕೊಳ್ಳದೆ ರೇಂಜ್ ಸುಧಾರಿಸಲು ಹೊರಡುವುದು ಥರ್ಮಾಮೀಟರ್ ಇಲ್ಲದೆ ಜ್ವರ ಇಳಿಸಿದಂತೆ.

ಡೆಸಿಬೆಲ್ ಕಿರ್ದಿ

ಈ ಭಾಗ ಸ್ವಲ್ಪ ಲೆಕ್ಕ ಬೇಡುತ್ತದೆ. ಆದರೆ ಇದು ತಲೆಗೆ ಹತ್ತಿದರೆ ಮುಂದೆ ಬಹಳಷ್ಟು ಹಣ ಉಳಿಯುತ್ತದೆ. ಡೆಸಿಬೆಲ್ ಎಂಬುದು ಗುಣಾಕಾರವನ್ನು ಸಂಕಲನವಾಗಿಸುವ ಉಪಾಯ. ನಾಲ್ಕು ಅಂಕಿ ನೆನಪಿದ್ದರೆ ಸಾಕು: 3 ಡೆಸಿಬೆಲ್ ಎಂದರೆ ಶಕ್ತಿ ಇಮ್ಮಡಿ, 10 ಎಂದರೆ ಶಕ್ತಿ ಹತ್ತು ಪಟ್ಟು, 6 ಎಂದರೆ ದೂರ ಇಮ್ಮಡಿ, 20 ಎಂದರೆ ದೂರ ಹತ್ತು ಪಟ್ಟು. ದೂರ ಇಮ್ಮಡಿಯಾಗಲು ಶಕ್ತಿ ನಾಲ್ಕು ಪಟ್ಟಾಗಬೇಕು ಎಂಬುದು ಇದರ ಒಳಗುಟ್ಟು. ನನ್ನ 600 ಮಿಲಿವಾಟ್‌ನ ಕತೆಯೂ ಇಷ್ಟೇ: ಮೂರು ಪಟ್ಟು ಶಕ್ತಿಗೆ ಕಾಗದದ ಮೇಲೆ ಸಿಗುವುದು 1.7 ಪಟ್ಟು ದೂರ.

ಈಗ ಜಮಾ–ಖರ್ಚು ಬರೆಯೋಣ. ಏನೂ ಅಡ್ಡವಿಲ್ಲದ ಬಯಲಿನಲ್ಲಿ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ 5.8 ಗಿಗಾಹರ್ಟ್ಸ್ ಸಿಗ್ನಲ್ ಸುಮಾರು 108 ಡೆಸಿಬೆಲ್ ಕಳೆದುಕೊಳ್ಳುತ್ತದೆ, 2.4ರಲ್ಲಿ ನಷ್ಟ ಸುಮಾರು 100, 900 ಮೆಗಾಹರ್ಟ್ಸ್‌ನಲ್ಲಿ 91.5. ವಿಡಿಯೊ ಖಾತೆ ನೋಡಿ: 200 ಮಿಲಿವಾಟ್ ಎಂದರೆ 23 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್), ಎರಡೂ ಬದಿಯ ಆಂಟೆನಾಗಳಿಂದ ತಲಾ 2 ಜಮಾ, ಒಟ್ಟು 27. ಅದರಲ್ಲಿ 108 ಕಳೆದರೆ ಮೈನಸ್ 81. ಸಾಮಾನ್ಯ ಅನಲಾಗ್ ರಿಸೀವರು ಮೈನಸ್ 90ರ ಸುಮಾರಿಗೆ ಕೈಚೆಲ್ಲುತ್ತದೆ. ಅಂದರೆ ಒಂದು ಕಿಲೋಮೀಟರಿನಲ್ಲಿ ಕೈಯಲ್ಲಿ ಉಳಿಯುವುದು 9 ಡೆಸಿಬೆಲ್ ಮಾತ್ರ.

ಕಂಟ್ರೋಲ್ ಖಾತೆ ಇನ್ನೊಂದು ಕತೆ. 100 ಮಿಲಿವಾಟ್, ಅಂದರೆ 20 ಡಿಬಿಎಂ, ಆಂಟೆನಾಗಳಿಂದ 4 ಜಮಾ, 100 ಖರ್ಚು, ಉಳಿದದ್ದು ಮೈನಸ್ 76. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಕಂಟ್ರೋಲ್ ವ್ಯವಸ್ಥೆಯ 2.4 ಗಿಗಾಹರ್ಟ್ಸ್ ರಿಸೀವರು 250 ಹರ್ಟ್ಸ್ ದರದಲ್ಲಿ (ಸೆಕೆಂಡಿಗೆ 250 ಪ್ಯಾಕೆಟ್) ಮೈನಸ್ 108ರ ತನಕ ಕೇಳಿಸಿಕೊಳ್ಳುತ್ತದೆ. 32 ಡೆಸಿಬೆಲ್ ಉಳಿಕೆ! ಲೆಕ್ಕದ ಪ್ರಕಾರ ಇನ್ನೂ ನಲವತ್ತು ಪಟ್ಟು ದೂರ. ಮರ, ಮನೆ, ಗದ್ದಲ ಎಲ್ಲ ಸೇರಿ ಇದರಲ್ಲಿ ದೊಡ್ಡ ಪಾಲು ತಿಂದರೂ, ಆಧುನಿಕ ಡ್ರೋನ್‌ನಲ್ಲಿ ಮೊದಲು ಸೋಲುವುದು ಚಿತ್ರವೇ ಹೊರತು ಹಿಡಿತವಲ್ಲ. ಹಿಡಿತವೇ ಮೊದಲು ಸೋತರೆ ಅಲ್ಲಿ ಏನೋ ಮುರಿದಿದೆ ಎಂದೇ ತಿಳಿಯಿರಿ.

ಹಂತ 1: ಕನೆಕ್ಟರುಗಳ ತಪಾಸಣೆ

ಟ್ರಾನ್ಸ್‌ಮಿಟರಿನಿಂದ ಆಂಟೆನಾದ ತುದಿಯವರೆಗೆ ಬೆರಳಿಟ್ಟು ಹೋಗಿ.

ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಆಂಟೆನಾ ಕನೆಕ್ಟರುಗಳು ಹೊರಗಿನಿಂದ ಅವಳಿಜವಳಿ. ತಿರುಪು ಒಂದೇ, ಅಳತೆ ಒಂದೇ. ವ್ಯತ್ಯಾಸ ನಡುವಿನ ಸೂಜಿಯಲ್ಲಿ. ಒಂದು ಬದಿಗೆ ಸೂಜಿ, ಇನ್ನೊಂದು ಬದಿಗೆ ತೂತು ಇದ್ದರೆ ಸರಿ. ತೂತಿಗೆ ತೂತು ಬಂದರೆ ಸಂಪರ್ಕವೇ ಇಲ್ಲ. ಸೂಜಿಗೆ ಸೂಜಿ ಬಂದು ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು. ಹತ್ತು ಸೆಕೆಂಡಿನ ಪರೀಕ್ಷೆ, ಆದರೂ ತಪ್ಪಿಹೋಗುತ್ತದೆ.

ಬೋರ್ಡಿಗೆ ಅಂಟಿಕೊಳ್ಳುವ ಯು.ಎಫ್.ಎಲ್ ಕನೆಕ್ಟರು ಅಕ್ಕಿಕಾಳಿಗಿಂತ ದೊಡ್ಡದೇನಲ್ಲ. ಅದನ್ನು ನೇರವಾಗಿ ಮೇಲಿನಿಂದ ಒತ್ತಿದಾಗ ‘ಟಿಕ್’ ಎಂಬ ಸಣ್ಣ ಸದ್ದು ಬೆರಳಿಗೇ ಗೊತ್ತಾಗಬೇಕು. ಓರೆಯಾಗಿ ಕೂತದ್ದು ನೆಲದ ಮೇಲೆ ಚೆನ್ನಾಗಿಯೇ ಕೆಲಸ ಮಾಡಿ, ಮೋಟಾರಿನ ಕಂಪನಕ್ಕೆ ಗಾಳಿಯಲ್ಲಿ ಕಳಚಿಕೊಳ್ಳುತ್ತದೆ. ಕೂರಿಸಿದ ಮೇಲೆ ಕೇಬಲ್ಲನ್ನು ಫ್ರೇಮಿಗೆ ಕಟ್ಟಿ. ಎಳೆತ ಕನೆಕ್ಟರಿನ ಮೇಲೆ ಬೀಳಬಾರದು. ಪದೇ ಪದೇ ಬಿಚ್ಚಿ ಹಾಕಿದರೆ ಇವು ಸಡಿಲವಾಗುತ್ತವೆ. ಆ ವಿಷಯದಲ್ಲಿ ಎಂಎಂಸಿಎಕ್ಸ್ ಎಂಬ ಇನ್ನೊಂದು ಬಗೆಯ ಕನೆಕ್ಟರು ಹೆಚ್ಚು ಗಟ್ಟಿ.

ರಿಸೀವರಿನ ತೆಳ್ಳನೆಯ ತಂತಿ ಆಂಟೆನಾ ಇದ್ದರೆ ಅದರ ತುದಿ ನೋಡಿ. 2.4 ಗಿಗಾಹರ್ಟ್ಸ್‌ನ ತರಂಗ 12.5 ಸೆಂಟಿಮೀಟರ್ ಉದ್ದ. ಅದರ ಕಾಲು ಭಾಗ, ಅಂದರೆ ಸುಮಾರು 31 ಮಿಲಿಮೀಟರ್, ಹೊರಕವಚವಿಲ್ಲದೆ ತುದಿಯಲ್ಲಿ ತೆರೆದಿರುತ್ತದೆ. ಕೆಲಸ ಮಾಡುವುದು ಆ 31 ಮಿಲಿಮೀಟರ್ ಮಾತ್ರ. ಉಳಿದದ್ದು ಬರೀ ದಾರಿ. ಪ್ರೊಪೆಲ್ಲರ್ ಕತ್ತರಿಸಿ ಆ ತುದಿ ಅರ್ಧವಾಗಿದ್ದರೆ, ಅಥವಾ ಅಷ್ಟನ್ನೂ ನೀವು ಫ್ರೇಮಿನೊಳಗೆ ಮಡಚಿ ತುರುಕಿದ್ದರೆ, ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಇನ್ನೊಂದು ಕಡ್ಡಾಯ ನಿಯಮ: ಆಂಟೆನಾ ಇಲ್ಲದೆ ವಿಡಿಯೊ ಟ್ರಾನ್ಸ್‌ಮಿಟರಿಗೆ ವಿದ್ಯುತ್ ಕೊಡಬೇಡಿ. ಹೊರಹೋಗಲು ದಾರಿಯಿಲ್ಲದ ಶಕ್ತಿ ಹಿಂದಿರುಗಿ ಒಳಗಿನ ಆಂಪ್ಲಿಫೈಯರನ್ನು ಸುಡಬಹುದು. ಪೂರ್ತಿ ಸುಟ್ಟರೆ ಗೊತ್ತಾಗುತ್ತದೆ. ಅರೆಬೆಂದು ಬದುಕಿಕೊಂಡರೆ ‘ಯಾಕೋ ರೇಂಜ್ ಬರುತ್ತಿಲ್ಲ’ ಎಂದು ವರ್ಷವಿಡೀ ಗೊಣಗುತ್ತಿರುತ್ತೀರಿ.

ಹಂತ 2: ಡ್ರೋನ್ ಮೇಲೆ ಆಂಟೆನಾದ ಜಾಗ

ಕಾರ್ಬನ್ ಫೈಬರ್ ವಿದ್ಯುತ್ ಹರಿಸುವ ವಸ್ತು. ರೇಡಿಯೊ ಕಣ್ಣಿಗೆ ಅದು ಲೋಹದ ತಗಡು. ಬ್ಯಾಟರಿಯೂ ಅಷ್ಟೆ. ಆಂಟೆನಾದ ಕೆಲಸ ಮಾಡುವ ಭಾಗ ಇವೆರಡರಿಂದಲೂ ಹೊರಗೆ, ಮೇಲೆ ಅಥವಾ ಹಿಂದೆ ಚಾಚಿಕೊಂಡಿರಬೇಕು. ವಿಡಿಯೊ ಆಂಟೆನಾದ ತಲೆ ಬ್ಯಾಟರಿಯ ಮಟ್ಟಕ್ಕಿಂತ ಎತ್ತರದಲ್ಲಿದ್ದರೆ ಒಳ್ಳೆಯದು. ಉದ್ದ ಹೆಚ್ಚಿದಷ್ಟೂ ಅಪಘಾತದಲ್ಲಿ ಮುರಿಯುವ ಭಯವೂ ಹೆಚ್ಚು, ಒಪ್ಪುತ್ತೇನೆ; ಆದರೂ ಬ್ಯಾಟರಿಯ ಹಿಂದೆ ಅವಿತು ಸುರಕ್ಷಿತವಾಗಿರುವ ಆಂಟೆನಾಕ್ಕಿಂತ ವರ್ಷಕ್ಕೆರಡು ಬಾರಿ ಬದಲಿಸಬೇಕಾದ ಆಂಟೆನಾ ಮೇಲು.

ನೇರ ಕಡ್ಡಿಯ ಆಂಟೆನಾ ಸಿಗ್ನಲ್ ಹರಡುವ ರೀತಿ ಉದ್ದಿನವಡೆಯಂತೆ. ಕಡ್ಡಿ ನಡುವಿನ ತೂತಿನಲ್ಲಿ ನಿಂತಿದೆಯೆಂದುಕೊಳ್ಳಿ: ಸುತ್ತಲೂ ಸಿಗ್ನಲ್ ಧಾರಾಳ, ಕಡ್ಡಿಯ ತುದಿಯ ದಿಕ್ಕಿನಲ್ಲಿ ಬಹುತೇಕ ಶೂನ್ಯ. ಹಾಗಾಗಿ ರಿಮೋಟ್‌ನ ಆಂಟೆನಾ ತುದಿಯನ್ನು ಡ್ರೋನ್ ಕಡೆಗೆ ಬಂದೂಕಿನಂತೆ ಗುರಿಯಿಡುವುದು ತೀರಾ ತಪ್ಪು, ಮತ್ತು ತೀರಾ ಸಹಜ. ಕಡ್ಡಿಯ ಪಕ್ಕ ಡ್ರೋನ್‌ಗೆ ಕಾಣಬೇಕು. ನಿಮ್ಮ ನೆತ್ತಿಯ ಮೇಲೆ ಡ್ರೋನ್ ಬಂದಾಗ ಚಿತ್ರ ಕೆಡುವುದಕ್ಕೂ ಇದೇ ಕಾರಣ: ಎರಡೂ ಆಂಟೆನಾಗಳ ತುದಿಗಳು ಆಗ ಮುಖಾಮುಖಿ.

ರಿಸೀವರಿಗೆ ಎರಡು ಆಂಟೆನಾ ಇದ್ದರೆ ಒಂದನ್ನೊಂದು 90 ಡಿಗ್ರಿಯಲ್ಲಿ ಇಡಿ. ಒಂದರ ಕುರುಡು ದಿಕ್ಕನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಅವನ್ನು ವಿಡಿಯೊ ಆಂಟೆನಾದಿಂದ ಫ್ರೇಮ್ ಬಿಟ್ಟಷ್ಟು ದೂರಕ್ಕೆ ಒಯ್ಯಿರಿ. ಕಿವಿಯ ಪಕ್ಕದಲ್ಲೇ ತಮಟೆ ಬಾರಿಸುತ್ತಿದ್ದರೆ ಪಿಸುಮಾತು ಕೇಳಿಸದು.

ಡ್ರೋನ್ ಮೇಲೆ ಆ್ಯಕ್ಷನ್ ಕ್ಯಾಮೆರಾ ಕಟ್ಟುವವರು ಅದರ ವೈಫೈ ಮತ್ತು ಬ್ಲೂಟೂತ್ ಆರಿಸಬೇಕು. 2.4 ಗಿಗಾಹರ್ಟ್ಸ್ ರಿಸೀವರಿನಿಂದ ಐದು ಸೆಂಟಿಮೀಟರ್ ದೂರದಲ್ಲಿ ಅದೇ ಬ್ಯಾಂಡ್‌ನ ಟ್ರಾನ್ಸ್‌ಮಿಟರನ್ನು ಹೊತ್ತೊಯ್ಯುವುದರಲ್ಲಿ ಅರ್ಥವಿಲ್ಲ.

ಹಂತ 3: ಧ್ರುವೀಕರಣ ಹೊಂದಿಸಿ

ರೇಡಿಯೊ ಅಲೆ ಯಾವ ದಿಕ್ಕಿನಲ್ಲಿ ಆಡುತ್ತದೆ ಎಂಬುದೇ ಧ್ರುವೀಕರಣ. ಒಂದು ಕಡ್ಡಿ ನಿಂತಿದ್ದು ಇನ್ನೊಂದು ಮಲಗಿದ್ದರೆ 20 ಡೆಸಿಬೆಲ್‌ನಷ್ಟು ನಷ್ಟವಾಗಬಹುದು. ದೂರ ಹತ್ತನೇ ಒಂದು ಭಾಗಕ್ಕೆ ಇಳಿಯುವಷ್ಟು. ಡ್ರೋನ್ ಓಲಾಡುವುದರಿಂದ ಈ ನಷ್ಟ ಬಂದು ಹೋಗುತ್ತಿರುತ್ತದೆ. ಅದನ್ನು ತಪ್ಪಿಸಲೆಂದೇ ವಿಡಿಯೊಗೆ ವೃತ್ತಾಕಾರದ ಧ್ರುವೀಕರಣದ, ಅಣಬೆಯಂತಹ ತಲೆಯ ಆಂಟೆನಾಗಳನ್ನು ಬಳಸುವುದು. ಅಲೆ ತಿರುಪಿನಂತೆ ಸುತ್ತುತ್ತ ಸಾಗುವುದರಿಂದ ಡ್ರೋನ್ ಎತ್ತ ವಾಲಿದರೂ ಹೆಚ್ಚು ವ್ಯತ್ಯಾಸವಾಗದು.

ಇದರಲ್ಲಿ ಬಲಸುತ್ತು, ಎಡಸುತ್ತು ಎಂಬ ಎರಡು ಬಗೆ. ಆಂಟೆನಾದ ಮೇಲೆ ಆರ್‌ಎಚ್‌ಸಿಪಿ, ಎಲ್‌ಎಚ್‌ಸಿಪಿ ಎಂದು ಅಚ್ಚಾಗಿರುತ್ತದೆ. ಎರಡೂ ತುದಿಗಳಲ್ಲಿ ಒಂದೇ ಬಗೆ ಇರಬೇಕು. ಬೆರೆಸಿದರೆ ಮತ್ತೆ ಅದೇ 20 ಡೆಸಿಬೆಲ್‌ನಷ್ಟು ದಂಡ. ಒಂದು ಕಡೆ ಕಡ್ಡಿ, ಇನ್ನೊಂದು ಕಡೆ ವೃತ್ತಾಕಾರದ್ದು ಇದ್ದರೆ 3 ಡೆಸಿಬೆಲ್ ನಷ್ಟ, ಅಷ್ಟು ಸಹಿಸಬಹುದು. ಗೋಡೆಗೆ ಬಡಿದು ಪ್ರತಿಫಲಿಸಿದ ಅಲೆಯ ಸುತ್ತು ತಿರುವುಮುರುವಾಗುತ್ತದೆ ಎಂಬುದು ಇದರ ಸೊಗಸಾದ ಲಾಭ. ನಿಮ್ಮ ಬಲಸುತ್ತಿನ ಆಂಟೆನಾ ಆ ಎಡಸುತ್ತಿನ ಪ್ರತಿಧ್ವನಿಯನ್ನು ತಾನಾಗಿಯೇ ತಳ್ಳಿಹಾಕುತ್ತದೆ. ಕಟ್ಟಡಗಳ ನಡುವೆ ಅನಲಾಗ್ ಹಾರಿಸುವವರಿಗೆ ಇದು ಕಣ್ಣಿಗೇ ಕಾಣುವ ಸುಧಾರಣೆ.

ಹಂತ 4: ಅಡ್ಡಗೆರೆಗಳಿಗೆ ಕೆಪಾಸಿಟರ್

ಪ್ರೊಪೆಲ್ಲರ್ ಬಿಚ್ಚಿ, ಗಾಗಲ್ಸ್ ಹಾಕಿ, ಡ್ರೋನ್ ಪಕ್ಕದಲ್ಲೇ ಕೂತು ಥ್ರಾಟಲ್ ಏರಿಸಿ. ಒಂದು ಮೀಟರ್ ದೂರದಲ್ಲೂ ಗೆರೆಗಳು ಓಡಾಡಿದರೆ ಮೋಟಾರು ನಿಯಂತ್ರಕಗಳ ಗದ್ದಲ ಕ್ಯಾಮೆರಾ ಮತ್ತು ಟ್ರಾನ್ಸ್‌ಮಿಟರಿಗೆ ನುಗ್ಗುತ್ತಿದೆ. ಬ್ಯಾಟರಿ ತಂತಿ ಸೇರುವ ಬಿಂದುವಿನಲ್ಲೇ, ಕಾಲುಗಳನ್ನು ಆದಷ್ಟು ಗಿಡ್ಡವಾಗಿಟ್ಟು, ಕಡಿಮೆ ಇಎಸ್‌ಆರ್‌ನ (ಒಳಗಿನ ರೋಧದ) 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ನಾಲ್ಕು ಸೆಲ್ ಬ್ಯಾಟರಿಗೆ 25 ಅಥವಾ 35 ವೋಲ್ಟ್‌ನದು, ಆರು ಸೆಲ್‌ಗೆ 35 ವೋಲ್ಟ್‌ನದು. ಧನ–ಋಣ ತುದಿಗಳು ಅದಲುಬದಲಾದರೆ ಸಿಡಿಯುತ್ತದೆ. ಪಟ್ಟೆ ಇರುವ ಬದಿ ಋಣ. ಕ್ಯಾಮೆರಾದ ನೆಲತಂತಿ ಮತ್ತು ಟ್ರಾನ್ಸ್‌ಮಿಟರಿನ ನೆಲತಂತಿ ಒಂದೇ ಕಡೆ ಸೇರಿದರೆ ಉಳಿದ ಗೆರೆಗಳೂ ಹೆಚ್ಚಾಗಿ ಮಾಯವಾಗುತ್ತವೆ.

ಹಂತ 5: ನೆಲದ ಬದಿ

ಹಣ ಖರ್ಚು ಮಾಡುವುದೇ ಆದರೆ ಇಲ್ಲಿ ಮಾಡಿ. ಡ್ರೋನ್ ಮೇಲೆ ಪ್ರತಿ ಗ್ರಾಂ ಭಾರ, ಪ್ರತಿ ವಾಟ್ ಬಿಸಿ. ನೆಲದ ಮೇಲೆ ಎರಡೂ ಇಲ್ಲ.

ಡೈವರ್ಸಿಟಿ ರಿಸೀವರಿನಲ್ಲಿ ಎರಡು ಆಂಟೆನಾ ಹಾಕಬಹುದು; ಚೆನ್ನಾಗಿ ಕೇಳುತ್ತಿರುವುದನ್ನು ಅದೇ ಆರಿಸಿಕೊಳ್ಳುತ್ತದೆ. ಎರಡೂ ಒಂದೇ ಬಗೆಯ ಅಣಬೆ ಹಾಕುವುದು ಅವಕಾಶ ಕೈಬಿಟ್ಟಂತೆ. ಒಂದು ಎಲ್ಲ ದಿಕ್ಕಿನದು, ಇನ್ನೊಂದು ಚಪ್ಪಟೆ ಪ್ಯಾಚ್ ಆಂಟೆನಾ ಇರಲಿ. 8 ಡಿಬಿಐ (ಆಂಟೆನಾ ಕೊಡುವ ಜಮಾದ ಅಳತೆ) ಪ್ಯಾಚ್, 2 ಡಿಬಿಐ ಅಣಬೆಗಿಂತ 6 ಡೆಸಿಬೆಲ್ ಮೇಲು. ಅಂದರೆ ಮುಂದಿನ ದಿಕ್ಕಿನಲ್ಲಿ ದೂರ ಇಮ್ಮಡಿ, ಡ್ರೋನ್‌ನಲ್ಲಿ ಒಂದು ತಿರುಪನ್ನೂ ಮುಟ್ಟದೆ. ಆದರೆ ಆ ಲಾಭ ಶೂನ್ಯದಿಂದ ಹುಟ್ಟಿದ್ದಲ್ಲ. ಬೇರೆ ದಿಕ್ಕುಗಳಿಂದ ಕಿತ್ತು ಮುಂದಕ್ಕೆ ಕೂಡಿಸಿದ್ದು. ಪ್ಯಾಚ್‌ನ ಬೆನ್ನ ಹಿಂದೆ ಹಾರಿದರೆ ಅಣಬೆಯೇ ಗತಿ. ಗಾಗಲ್ಸ್‌ಗೆ ಪ್ಯಾಚ್ ಹಾಕಿಕೊಂಡವರು ಮಾತಾಡಿಸಿದವರ ಕಡೆ ತಲೆ ತಿರುಗಿಸಿ ಚಿತ್ರ ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಕೊಳ್ಳಬೇಕಿಲ್ಲದ ಸುಧಾರಣೆ ಎತ್ತರ. ಡ್ರೋನ್ ಕಣ್ಣಿಗೆ ಕಂಡರಷ್ಟೇ ಸಾಲದು. ರೇಡಿಯೊ ದಾರಿ ದಾರದಂತಲ್ಲ, ನಡುವೆ ಉಬ್ಬಿದ ಸೌತೆಕಾಯಿಯಂತೆ. ಅದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ಒಂದು ಕಿಲೋಮೀಟರ್ ದಾರಿಯ ನಡುಮಧ್ಯದಲ್ಲಿ ಅದರ ತ್ರಿಜ್ಯ 5.8 ಗಿಗಾಹರ್ಟ್ಸ್‌ಗೆ 3.6 ಮೀಟರ್, 2.4ಕ್ಕೆ 5.6 ಮೀಟರ್. ಅದರ ಕನಿಷ್ಠ ಶೇಕಡ 60 ಭಾಗ ಖಾಲಿ ಇರಬೇಕು. ನೀವು ಕುರ್ಚಿಯಲ್ಲಿ ಕೂತು, ಡ್ರೋನ್ ಎರಡು ಮೀಟರ್ ಎತ್ತರದಲ್ಲಿ ಹಾರಿದರೆ ನೆಲವೇ ಅಡ್ಡ. ಎದ್ದು ನಿಲ್ಲಿ, ದಿಬ್ಬ ಹತ್ತಿ, ಅಥವಾ ರಿಸೀವರನ್ನು ಟ್ರೈಪಾಡ್ ಮೇಲೆ ಏರಿಸಿ. ಏರಿಸುವಾಗ ಇಡೀ ರಿಸೀವರನ್ನೇ ಮೇಲೊಯ್ಯಿರಿ. ರಿಸೀವರ್ ಕೆಳಗಿಟ್ಟು ಆಂಟೆನಾ ಮಾತ್ರ ತೆಳು ಕೇಬಲ್‌ನಲ್ಲಿ ಮೇಲೇರಿಸಿದರೆ 5.8ರಲ್ಲಿ ಮೀಟರಿಗೆ 2 ಡೆಸಿಬೆಲ್‌ಗಿಂತ ಹೆಚ್ಚು ಕೇಬಲ್ಲಿಗೇ ಹೋಗುತ್ತದೆ. ನಿಮ್ಮ ದೇಹವೂ ಬಹುಪಾಲು ನೀರು. ಡ್ರೋನ್‌ಗೆ ಬೆನ್ನು ಹಾಕಿ ನಿಂತರೆ ಸಿಗ್ನಲನ್ನು ನೀವೇ ಕುಡಿಯುತ್ತೀರಿ. ಮಳೆ ನಿಂತ ಮೇಲಿನ ಒದ್ದೆ ಎಲೆಗಳೂ ಅಷ್ಟೆ.

ಮೊಬೈಲ್ ಸಿಕ್ಕಿಸಿ ಹಾರಿಸುವ ಸಿದ್ಧ ಡ್ರೋನ್ ನಿಮ್ಮದಾದರೆ ಮಾಡಬಹುದಾದದ್ದು ಕಡಿಮೆ, ಆದರೆ ಇದೆ. ರಿಮೋಟ್‌ನ ಆಂಟೆನಾ ಚಪ್ಪಟೆಯಾಗಿದ್ದರೆ ಅಗಲ ಮುಖ ಡ್ರೋನ್ ಕಡೆಗಿರಲಿ, ಬೆರಳುಗಳು ಅದನ್ನು ಮುಚ್ಚದಿರಲಿ, ಮೊಬೈಲಿನ ಹಾಟ್‌ಸ್ಪಾಟ್ ಆರಿರಲಿ.

ಹಂತ 6: ಚಾನೆಲ್ ಮತ್ತು ದರ

ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಬಳಸುವವರಿಗೆ ಪುಕ್ಕಟೆ ಡೆಸಿಬೆಲ್ ಇಲ್ಲಿದೆ. 2.4ರಲ್ಲಿ 500 ಹರ್ಟ್ಸ್ ದರದ ಸಂವೇದನೆ ಮೈನಸ್ 105. 150 ಹರ್ಟ್ಸ್‌ಗೆ ಇಳಿಸಿದರೆ ಮೈನಸ್ 112. ಏಳು ಡೆಸಿಬೆಲ್, ಒಂದು ಮೆನು ಬದಲಾವಣೆಗೆ. ರೇಸ್ ಓಡಿಸದವರಿಗೆ 500 ಹರ್ಟ್ಸ್ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ.

ವಿಡಿಯೊದ ರೇಸ್‌ಬ್ಯಾಂಡ್ ಎಂಬ ಚಾನೆಲ್ ಗುಂಪಿನಲ್ಲಿ 5658ರಿಂದ 5917 ಮೆಗಾಹರ್ಟ್ಸ್ ತನಕ ಎಂಟು ಚಾನೆಲ್‌ಗಳಿವೆ, ನಡುವೆ 37 ಮೆಗಾಹರ್ಟ್ಸ್ ಅಂತರ. ಜೊತೆಯಲ್ಲಿ ಹಾರಿಸುವವರಿದ್ದರೆ ಪಕ್ಕಪಕ್ಕದ ಚಾನೆಲ್ ಬಿಟ್ಟು ಒಂದು, ನಾಲ್ಕು, ಎಂಟು ಎಂದು ಹಂಚಿಕೊಳ್ಳಿ. ದೂರದ ಆಸೆಗೆ 1.2–1.3 ಗಿಗಾಹರ್ಟ್ಸ್ ವಿಡಿಯೊಗೆ ಹೋಗುವವರು ಒಂದು ಗಮನಿಸಬೇಕು: 1.2ರ ಎರಡನೇ ಹಾರ್ಮೋನಿಕ್, ಅಂದರೆ ಅದರ ಇಮ್ಮಡಿ ಆವರ್ತನದ ಸೋರಿಕೆ, 2.4ರ ಮೇಲೇ ಬೀಳುತ್ತದೆ. ಆಗ ಕಂಟ್ರೋಲ್ ಲಿಂಕ್ 900 ಮೆಗಾಹರ್ಟ್ಸ್‌ನಲ್ಲಿದ್ದರೆ ಕ್ಷೇಮ.

ಹಂತ 7: ಈಗ ಬೇಕಾದರೆ ಶಕ್ತಿ

ಅನುಮತಿಯಿರುವ ಶಕ್ತಿ ಮತ್ತು ಬ್ಯಾಂಡ್ ದೇಶದಿಂದ ದೇಶಕ್ಕೆ ಬೇರೆ. ಕೆಲವಕ್ಕೆ ಹವ್ಯಾಸಿ ರೇಡಿಯೊ ಪರವಾನಗಿ ಬೇಕು. ಡ್ರೋನ್ ಕಣ್ಣಳತೆಯಲ್ಲಿರಬೇಕು, ಗಾಗಲ್ಸ್ ಹಾಕಿದವರ ಪಕ್ಕದಲ್ಲಿ ನೋಡುವವರೊಬ್ಬರು ಇರಬೇಕು ಎಂಬ ನಿಯಮ ಹಲವು ಕಡೆ ಇದೆ. ಕಾನೂನಿನ ಮಿತಿಯೊಳಗೆ ಏರಿಸುವುದಾದರೆ 25ರಿಂದ 100 ಮಿಲಿವಾಟ್‌ಗೆ ಹೋದಾಗ ದೂರ ಇಮ್ಮಡಿ. 400ರಿಂದ 500ಕ್ಕೆ ಹೋದರೆ ಬಿಸಿ ಮಾತ್ರ ಲಾಭ. ಹೆಚ್ಚು ಶಕ್ತಿಯ ಟ್ರಾನ್ಸ್‌ಮಿಟರ್ ಗಾಳಿಯ ಹರಿವಿಲ್ಲದೆ ನೆಲದ ಮೇಲೆ ಕೂತರೆ ಕೆಲವೇ ನಿಮಿಷಗಳಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಹಾರುವ ತನಕ ಪಿಟ್ ಮೋಡ್‌ನಲ್ಲಿ, ಅಂದರೆ ಅತಿ ಕಡಿಮೆ ಶಕ್ತಿಯಲ್ಲಿ, ಇಡಿ.

ಅಳೆಯುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರೊಪೆಲ್ಲರ್ ತೆಗೆದು, ಡ್ರೋನನ್ನು ಸೊಂಟದೆತ್ತರದ ಮರದ ಸ್ಟೂಲಿನ ಮೇಲಿಡಿ. ಕಂಟ್ರೋಲ್ ಲಿಂಕನ್ನು 10 ಮಿಲಿವಾಟ್‌ಗೆ, ವಿಡಿಯೊವನ್ನು ಅದರ ಕನಿಷ್ಠ ಶಕ್ತಿಗೆ ಇಳಿಸಿ. ಹೆಜ್ಜೆ ಎಣಿಸುತ್ತ ದೂರ ನಡೆಯಿರಿ; ಜೊತೆಗಾರರು ಡ್ರೋನನ್ನು 45 ಡಿಗ್ರಿಯಂತೆ ತಿರುಗಿಸುತ್ತಿರಲಿ. ಯಾವ ದಿಕ್ಕಿನಲ್ಲಿ ಎಷ್ಟು ಹೆಜ್ಜೆಗೆ ಚಿತ್ರ ಹೋಯಿತು, ಎಲ್‌ಕ್ಯೂ ಎಷ್ಟಿತ್ತು ಎಂದು ಬರೆದುಕೊಳ್ಳಿ. ಎಂಟು ದಿಕ್ಕುಗಳಲ್ಲಿ ಒಂದೆರಡು ಮಾತ್ರ ಹೀನಾಯವಾಗಿದ್ದರೆ ಹಂತ 2ಕ್ಕೆ ಮರಳಿ; ಎಂಟೂ ಹೀನಾಯವಾಗಿದ್ದರೆ ಹಂತ 1ಕ್ಕೆ. ನೆಲದ ಮೇಲಿನ ದೂರ ಗಾಳಿಯಲ್ಲಿ ಸಿಗುವುದಕ್ಕಿಂತ ಕಡಿಮೆಯೇ ಇರುತ್ತದೆ. ಬೇಕಾದದ್ದು ಹೋಲಿಕೆ ಮಾತ್ರ.

ಆಮೇಲೆ ಫೇಲ್‌ಸೇಫ್, ಅಂದರೆ ಸಿಗ್ನಲ್ ಹೋದಾಗ ಡ್ರೋನ್ ತಾನಾಗಿ ಮಾಡಬೇಕಾದದ್ದು. ಪ್ರೊಪೆಲ್ಲರ್ ಇಲ್ಲದೆಯೇ ಮೋಟಾರು ತಿರುಗಿಸಿ, ರಿಮೋಟನ್ನು ಆರಿಸಿಬಿಡಿ. ಮೋಟಾರು ನಿಲ್ಲಬೇಕು, ಅಥವಾ ನೀವು ಹೊಂದಿಸಿದ ಜಿಪಿಎಸ್ ವಾಪಸಾತಿ ಶುರುವಾಗಬೇಕು. ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ತಿರುಗುತ್ತಲೇ ಇದ್ದರೆ ಅದು ಸರಿಹೋಗುವ ತನಕ ಹಾರಿಸಬೇಡಿ.

ಹಾರಾಟದಲ್ಲಿ ಎಲ್‌ಕ್ಯೂ 70ಕ್ಕೆ ಇಳಿದರೆ, ಅಥವಾ ಆರ್‌ಎಸ್‌ಎಸ್‌ಐ ನಿಮ್ಮ ದರದ ಮಿತಿಗೆ 10 ಡೆಸಿಬೆಲ್ ಹತ್ತಿರ ಬಂದರೆ ನಾನು ತಿರುಗಿಸುತ್ತೇನೆ. ತಿರುಗಿಸುವ ಮೊದಲು ಸ್ವಲ್ಪ ಎತ್ತರಕ್ಕೇರಿಸುತ್ತೇನೆ, ಏಕೆಂದರೆ ವಾಪಸು ಬರುವಾಗ ಡ್ರೋನ್ ನನ್ನ ಕಡೆಗೆ ಮೂತಿ ಬಗ್ಗಿಸುತ್ತದೆ, ಹಿಂಬದಿಯ ಆಂಟೆನಾ ಬ್ಯಾಟರಿಯ ಮರೆಗೆ ಸರಿಯುತ್ತದೆ. ಹೋಗುವಾಗ ಚೆನ್ನಾಗಿದ್ದ ಚಿತ್ರ ಬರುವಾಗ ಕೆಡುವುದು ಅದಕ್ಕೇ. ಪ್ರತಿ ಕ್ವಾಡ್‌ನ ಹೆಜ್ಜೆ ಲೆಕ್ಕವನ್ನು ಅದರ ಬ್ಯಾಟರಿ ಪಟ್ಟಿಯ ಒಳಬದಿಯಲ್ಲಿ ಶಾಯಿಯಿಂದ ಬರೆದಿಟ್ಟಿದ್ದೇನೆ. ದೊಡ್ಡ ಅಪಘಾತವಾದ ಪ್ರತಿ ಸಲ ಮತ್ತೆ ನಡೆದು ನೋಡುತ್ತೇನೆ. ಕಳೆದ ಬಾರಿ 140 ಹೆಜ್ಜೆ ಇದ್ದದ್ದು 60 ಆಗಿತ್ತು. ಅಣಬೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು.